ಎಂಜಿನ್ನಿನ ಗಣಕ: ಕಂಪನಿಯದೇ ಸಾಕೋ, ಹೊರಗಿನದು ಬೇಕೋ?

ಕಾರಿನ ಎಂಜಿನ್ನಿಗೆ ಟರ್ಬೊ ಜೋಡಿಸಿಯೋ, ಕ್ಯಾಮ್‌ಶಾಫ್ಟನ್ನು ಬದಲಿಸಿಯೋ, ದೊಡ್ಡ ಇಂಜೆಕ್ಟರುಗಳನ್ನು ಹಾಕಿಸಿಯೋ ಅದರ ಬಲವನ್ನು ಹೆಚ್ಚಿಸಿಕೊಳ್ಳಬೇಕೆಂದು ಹೊರಟ ಯುವಕನು, ಲೋಹದ ಕೆಲಸವೆಲ್ಲ ಮುಗಿದು ಎಂಜಿನ್ನು ಮತ್ತೆ ತನ್ನ ಸ್ಥಾನದಲ್ಲಿ ಕುಳಿತ ಮೇಲೆ, ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಅದುವರೆಗೆ ಅವನು ವ್ಯಯಿಸಿದ ಹಣ, ಶ್ರಮ, ಆಸ್ಥೆಗಳು ಸಾರ್ಥಕವಾಗುವುವೋ ವ್ಯರ್ಥವಾಗುವುವೋ ಎಂಬುದು ಆ ಪ್ರಶ್ನೆಗೆ ಅವನು ಕಂಡುಕೊಳ್ಳುವ ಉತ್ತರವನ್ನು ಅವಲಂಬಿಸಿರುತ್ತದೆ. ಹೊಸ ರೂಪವನ್ನು ತಾಳಿದ ಈ ಎಂಜಿನ್ನನ್ನು ಆಳತಕ್ಕ ಗಣಕ ಯಾವುದು? ಕಾರ್ಖಾನೆಯಿಂದ ಹೊರಬಿದ್ದಂದಿನಿಂದ ಕಾರಿನಲ್ಲಿಯೇ ಇರುವ, ಗ್ಯಾರೇಜಿನವರು ಇಸಿಎಂ ಎಂದು ಕರೆಯುವ ಆ ಪೆಟ್ಟಿಗೆಯನ್ನೇ ಉಳಿಸಿಕೊಂಡು ಅದರೊಳಗಿನ ಲೆಕ್ಕವನ್ನು ತಿದ್ದಿಸಬೇಕೇ? ಅಥವಾ ಅದನ್ನು ಕಿತ್ತಿಟ್ಟು, ಮೆಲ್ಬರ್ನಿನ ಮೋಟೆಕ್, ಸಿಡ್ನಿಯ ಹಾಲ್ಟೆಕ್, ನ್ಯೂಜಿಲೆಂಡಿನ ಲಿಂಕ್ ಮುಂತಾದ ಸಂಸ್ಥೆಗಳು ತಯಾರಿಸುವ ಸ್ವತಂತ್ರ ಗಣಕವೊಂದನ್ನು ತರಿಸಿ, ಎಲ್ಲವನ್ನೂ ಮೊದಲಿನಿಂದ ಬರೆಯಿಸಬೇಕೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾರ್ವಜನಿಕ ರಸ್ತೆಯಲ್ಲಿ ದಿನವೂ ಓಡಾಡುವ ಈ ಕಾಲದ ಕಾರಿಗೆ ಕಂಪನಿಯ ಗಣಕವೇ ಯೋಗ್ಯವಾದುದು. ಬಲ್ಲವರ ಕೈಯಿಂದ ಅದಕ್ಕೆ ಹೊಸ ಪಾಠವನ್ನು ಹೇಳಿಸತಕ್ಕದ್ದು. ಪಂದ್ಯಕ್ಕೆಂದೇ ಮೀಸಲಾದ ಕಾರಿಗೂ, ಪಾಠವನ್ನು ಕಲಿಯಲಾರದಂಥ ಹಳೆಯ ಗಣಕವಿರುವ ಕಾರಿಗೂ ಹೊರಗಿನ ಗಣಕವೇ ಸರಿ. ಇವೆರಡೂ ಅಲ್ಲದ, ಕಂಪನಿಯ ಗಣಕಕ್ಕೆ ಸುಳ್ಳು ಸುದ್ದಿಯನ್ನು ಕೊಟ್ಟು ಕೆಲಸ ಸಾಧಿಸುವ ಮೂರನೆಯ ಮಾರ್ಗವೊಂದುಂಟು. ಅಗ್ಗವಾದುದರಿಂದ ಬಹುಜನರು ಹಿಡಿಯುವ ಆ ಮಾರ್ಗ ಎಂದಿಗೂ ಸಲ್ಲದು.

ಈ ಗಣಕವು ಮಾಡುವ ಕೆಲಸ ಮೂಲತಃ ಎರಡೇ: ಪ್ರತಿಯೊಂದು ಸಿಲಿಂಡರೂ ಒಳಗೆಳೆದುಕೊಂಡ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಅಳೆದು ಕೊಡುವುದು, ಮತ್ತು ಆ ಮಿಶ್ರಣಕ್ಕೆ ತಕ್ಕ ಕ್ಷಣದಲ್ಲಿ ಕಿಡಿ ತಾಗಿಸುವುದು. ಹೇಳುವುದಕ್ಕೆ ಸುಲಭವಾದ ಈ ಕಾರ್ಯದ ಸೂಕ್ಷ್ಮತೆಯನ್ನು ಒಂದು ಲೆಕ್ಕದಿಂದ ಅರಿಯಬಹುದು. ನಿಮಿಷಕ್ಕೆ 6000 ಸುತ್ತು ತಿರುಗುತ್ತಿರುವ ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಸೆಕೆಂಡಿಗೆ 200 ಸಲ ಕಿಡಿ ಹಾರಬೇಕು; ಕ್ರ್ಯಾಂಕ್‌ಶಾಫ್ಟು ಒಂದು ಡಿಗ್ರಿಯಷ್ಟು ತಿರುಗಲು ಹಿಡಿಯುವ ಕಾಲ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 28 ಭಾಗ. ಪೂರ್ಣ ಭಾರವನ್ನು ಹೊತ್ತಿರುವ ಎಂಜಿನ್ನಿನಲ್ಲಿ ಕಿಡಿಯು ಐದಾರು ಡಿಗ್ರಿಯಷ್ಟು ಮುಂಚಿತವಾಗಿ ಬಿದ್ದಿತೆಂದರೆ, ಜ್ವಾಲೆಯು ಕ್ರಮವಾಗಿ ಹರಡುವುದಕ್ಕೆ ಮುನ್ನವೇ ಉಳಿದ ಮಿಶ್ರಣವು ತಾನಾಗಿ ಸಿಡಿದು, ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವ ಆ ಲೋಹದ ಸದ್ದು ಹುಟ್ಟುತ್ತದೆ. ಅದು ಮುಂದುವರಿದರೆ ಪಿಸ್ಟನ್ನಿನ ರಿಂಗುಗಳ ನಡುವಣ ದಂಡೆ ಮುರಿದು ಎಂಜಿನ್ನೇ ನಾಶವಾಗುತ್ತದೆ.

ಒಂದು ಕಾಲದಲ್ಲಿ ಕಾರ್ಬ್ಯುರೇಟರೂ ಡಿಸ್ಟ್ರಿಬ್ಯೂಟರೂ ತೂತು, ಸ್ಪ್ರಿಂಗು, ತೂಕದ ತುಂಡುಗಳ ಸಹಾಯದಿಂದ ಈ ಕಾರ್ಯವನ್ನು ಅಂದಾಜಿನ ಮೇಲೆ ನಡೆಸುತ್ತಿದ್ದುವು. 1967ರಲ್ಲಿ ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ವ್ಯವಸ್ಥೆಯು ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಪೆಟ್ರೋಲಿನ ಅಳತೆಯನ್ನು ವಿದ್ಯುನ್ಮಂಡಲಕ್ಕೆ ಒಪ್ಪಿಸಿತು. 1976ರಲ್ಲಿ ವೋಲ್ವೊ ಕಾರಿನ ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಅಳೆಯುವ ಲ್ಯಾಂಬ್ಡಾ ಸೆನ್ಸರು ಕಾಣಿಸಿಕೊಂಡು, ಗಣಕವು ತಾನು ಕೊಟ್ಟ ಇಂಧನ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ತಾನೇ ಪರೀಕ್ಷಿಸಿಕೊಳ್ಳುವಂತಾಯಿತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನ ಮೋಟ್ರಾನಿಕ್‌ನಲ್ಲಿ ಇಂಧನ ಮತ್ತು ಕಿಡಿ ಎರಡೂ ಒಂದೇ ಗಣಕದ ವಶಕ್ಕೆ ಬಂದುವು. ನಮ್ಮಲ್ಲಿ 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗಿ, ಮಾರುತಿ ಕಾರುಗಳ ಹಿಂಬದಿಯಲ್ಲಿ, ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿದೆಯೆಂದು ಸಾರುವ ಎಂಪಿಎಫ್‌ಐ ಎಂಬ ಅಕ್ಷರಗಳು ಮೂಡಿದುದು ಓದುಗರಲ್ಲಿ ಅನೇಕರಿಗೆ ನೆನಪಿರಬಹುದು.

ಗಣಕದ ಪೆಟ್ಟಿಗೆಯೊಳಗೆ ತುಂಬಿರುವುದು ಬಹುಮಟ್ಟಿಗೆ ಕೋಷ್ಟಕಗಳು. ಒಂದು ಅಂಚಿನಲ್ಲಿ ಎಂಜಿನ್ನಿನ ವೇಗ, ಇನ್ನೊಂದು ಅಂಚಿನಲ್ಲಿ ಅದು ಹೊತ್ತಿರುವ ಭಾರ, ನಡುವಣ ಮನೆಗಳಲ್ಲಿ ಇಷ್ಟು ಇಂಧನ, ಇಷ್ಟು ಡಿಗ್ರಿ ಮುಂಚಿತವಾದ ಕಿಡಿ ಎಂಬ ಅಂಕಿಗಳು. ಸ್ವತಂತ್ರ ಗಣಕವನ್ನು ಕೊಂಡವನು ತುಂಬಬೇಕಾದ ಮೊದಲ ಕೋಷ್ಟಕಗಳು ಇವೇ. ಸಮರ್ಥನಾದ ಟ್ಯೂನರನು ಕಾರನ್ನು, ಎಂಜಿನ್ನಿನ ಬಲವನ್ನು ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ ಒಂದೇ ದಿನದಲ್ಲಿ ಇವನ್ನು ತೃಪ್ತಿಕರವಾಗಿ ತುಂಬಿಕೊಡಬಲ್ಲನೆಂಬುದೂ ನಿಜ. ಆದರೆ ಈ ಕಾಲದ ಕಂಪನಿಯ ಗಣಕದಲ್ಲಿ ಇಂಥ ಕೋಷ್ಟಕಗಳೂ ಸ್ಥಿರಾಂಕಗಳೂ ಸಾವಿರಗಟ್ಟಲೆ ಇರುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ಪೂರ್ಣ ವೇಗದ ಓಟಕ್ಕೆ ಸಂಬಂಧಿಸಿದುವೇ ಅಲ್ಲ. ಮಡಿಕೇರಿಯ ಜನವರಿಯ ಮುಂಜಾವಿನಲ್ಲಿ ತಣ್ಣಗಾದ ಎಂಜಿನ್ನನ್ನು ಸ್ಟಾರ್ಟ್ ಮಾಡಿದಾಗ, ಚಿಮ್ಮಿದ ಪೆಟ್ರೋಲಿನ ಒಂದಂಶ ಆವಿಯಾಗದೆ ಒಳದಾರಿಯ ಗೋಡೆಗೆ ಅಂಟಿಕೊಳ್ಳುವುದರಿಂದ ಎಷ್ಟು ಹೆಚ್ಚು ಚಿಮ್ಮಿಸಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತ ಕಾರಿನ ಇಂಧನದ ಕೊಳವೆಯಲ್ಲಿ ಆವಿ ತುಂಬಿಕೊಂಡಿರುವಾಗ ಅದನ್ನು ಹೇಗೆ ಎಚ್ಚರಿಸಬೇಕು. ಬ್ಯಾಟರಿಯ ವೋಲ್ಟೇಜು ಇಳಿದಾಗ ಇಂಜೆಕ್ಟರು ತೆರೆದುಕೊಳ್ಳಲು ತಡವಾಗುವುದನ್ನು ಎಷ್ಟೆಂದು ಲೆಕ್ಕ ಹಿಡಿಯಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಂತಿರುವಾಗ ಎ.ಸಿ. ಕಂಪ್ರೆಸರು ಹಠಾತ್ತನೆ ಹಿಡಿದುಕೊಂಡರೆ ಎಂಜಿನ್ನು ನಡುಗಿ ನಿಂತುಹೋಗದಂತೆ ಅದಕ್ಕೆ ಎಷ್ಟು ಮುಂಚೆ ಗಾಳಿಯನ್ನು ಒದಗಿಸಬೇಕು — ಇಂಥ ಸಣ್ಣ ಸಣ್ಣ ವಿವೇಕಗಳ ರಾಶಿಯೇ ಕಂಪನಿಯ ಗಣಕದ ನಿಜವಾದ ಸಂಪತ್ತು. ಅದನ್ನು ಸಂಪಾದಿಸುವುದಕ್ಕಾಗಿ ತಯಾರಕರು ಹಿಮಪ್ರದೇಶಗಳಿಗೂ ಮರುಭೂಮಿಗಳಿಗೂ ಎತ್ತರದ ಘಟ್ಟಗಳಿಗೂ ಪರೀಕ್ಷೆಯ ಕಾರುಗಳನ್ನು ಒಯ್ದು ವರ್ಷಗಟ್ಟಲೆ ದುಡಿಯುತ್ತಾರೆ.

ಆ ದುಡಿಮೆಯಲ್ಲಿ ನಮ್ಮ ನಾಡಿನವರ ಪಾಲೂ ಉಂಟು. 1951ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಹೆಸರಾಗಿ, ಒಂದು ಬಡಾವಣೆಗೇ ತನ್ನ ಹೆಸರನ್ನು ಕೊಟ್ಟ ಮೈಕೊ, 2008ರಿಂದ ಬಾಷ್ ಎಂಬ ಹೆಸರನ್ನೇ ಧರಿಸಿದೆ. ಅದೇ ಸಮೂಹದ ತಂತ್ರಾಂಶ ಕೇಂದ್ರವು ಕೋರಮಂಗಲದಲ್ಲಿದ್ದು, ಅಲ್ಲಿ ಸಾವಿರಾರು ಎಂಜಿನಿಯರುಗಳು ವಾಹನಗಳ ತಂತ್ರಾಂಶದ ಕೆಲಸದಲ್ಲಿ ನಿರತರಾಗಿದ್ದಾರೆ. ಈ ಮಾತನ್ನು ಊರಿನ ಹೆಮ್ಮೆಗಾಗಿ ಮಾತ್ರ ಹೇಳುತ್ತಿಲ್ಲ. ಕಂಪನಿಯ ಗಣಕವನ್ನು ಕಿತ್ತೆಸೆಯುವುದು ಸುಲಭವೆಂದು ಭಾವಿಸುವ ಯುವಕನು, ಅದರೊಳಗೆ ಎಷ್ಟು ಜನರ ಎಷ್ಟು ವರ್ಷಗಳ ಅನುಭವವು ಅಂಕಿಗಳಾಗಿ ಕುಳಿತಿದೆಯೆಂಬುದನ್ನು ಒಂದು ಸಲವಾದರೂ ಯೋಚಿಸಬೇಕೆಂದು ಹೇಳುತ್ತಿದ್ದೇನೆ.

ಹಾಗಾದರೆ ಕಂಪನಿಯ ಗಣಕವನ್ನು ಎಂದಿಗೂ ತೆಗೆಯಬಾರದೇ? ಹಾಗೇನೂ ಇಲ್ಲ. ತೆಗೆಯುವುದೇ ನ್ಯಾಯವಾಗಿದ್ದ ಒಂದು ಪ್ರಸಿದ್ಧ ಉದಾಹರಣೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು. ಜಪಾನಿನ ಮಾಜ್ದಾ ಸಂಸ್ಥೆಯು 1989ರ ಫೆಬ್ರುವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದ, ಅಮೆರಿಕದಲ್ಲಿ ಮಿಯಾಟಾ ಎಂದು ಹೆಸರಾದ ಎಂಎಕ್ಸ್-5 ಎಂಬ ಎರಡು ಆಸನದ ಪುಟ್ಟ ಕಾರು, 2016ರ ವೇಳೆಗೆ ಹತ್ತು ಲಕ್ಷ ತಯಾರಾದುದು, ಬಹುಶಃ ಲೋಕದಲ್ಲಿ ಅತ್ಯಂತ ಹೆಚ್ಚಾಗಿ ಮಾರ್ಪಾಡಿಗೆ ಒಳಗಾದ ಕಾರುಗಳಲ್ಲಿ ಒಂದು. ಅದರ ಮೊದಲ ಮಾದರಿಯ 1.6 ಲೀಟರಿನ ಎಂಜಿನ್ನು ಕೊಡುತ್ತಿದ್ದುದು ಸುಮಾರು 116 ಅಶ್ವಶಕ್ತಿ. ಹಗುರವಾದ ದೇಹ, ಹಿಂದಿನ ಚಕ್ರಗಳಿಗೆ ಚಾಲನೆ, ದೃಢವಾದ ಎಂಜಿನ್ನು — ಇವುಗಳನ್ನು ಕಂಡವರೆಲ್ಲರಿಗೂ ಅದಕ್ಕೊಂದು ಟರ್ಬೊ ಸೇರಿಸಬೇಕೆಂಬ ಆಸೆ ಹುಟ್ಟುವುದು ಸಹಜವಾಗಿದ್ದಿತು.

ಆದರೆ ಆ ಕಾರಿನ ಗಣಕವು ಟರ್ಬೊ ಎಂಬುದನ್ನೇ ಅರಿಯದು. ಒಳಬರುವ ಗಾಳಿಯನ್ನು ಅದು ಅಳೆಯುತ್ತಿದ್ದುದು ಗಾಳಿಯ ರಭಸಕ್ಕೆ ತೆರೆದುಕೊಳ್ಳುವ ಒಂದು ರೆಕ್ಕೆಬಾಗಿಲಿನ ಮೂಲಕ. ಟರ್ಬೊ ಎಳೆಯುವ ಗಾಳಿಯ ಪ್ರಮಾಣ ಹೆಚ್ಚಾದೊಡನೆ ಆ ಬಾಗಿಲು ಪೂರ್ತಿಯಾಗಿ ತೆರೆದು ನಿಂತುಬಿಡುವುದರಿಂದ, ಅಲ್ಲಿಂದ ಮುಂದೆ ಎಷ್ಟು ಗಾಳಿ ಬಂದರೂ ಗಣಕಕ್ಕೆ ತಿಳಿಯುವ ಮಾರ್ಗವೇ ಇರಲಿಲ್ಲ. ಒಳದಾರಿಯ ಒತ್ತಡವನ್ನು ಅಳೆಯುವ ಸೆನ್ಸರು ಇಲ್ಲ. ನಾಕಿಂಗನ್ನು ಆಲಿಸುವ ಸೆನ್ಸರೂ ಇಲ್ಲ. ಅದರ ಲೆಕ್ಕವನ್ನು ತಿದ್ದಿ ಬರೆಯೋಣವೆಂದರೆ, ಇಂದಿನ ಗಣಕಗಳಂತೆ ಲ್ಯಾಪ್‌ಟಾಪಿನಿಂದ ಅಳಿಸಿ ಬರೆಯುವ ಸೌಕರ್ಯವೂ ಇಲ್ಲ. ಆರಂಭಕಾಲದ ಟರ್ಬೊ ಕಿಟ್ಟುಗಳು ಈ ತೊಡಕನ್ನು ದಾಟಿದುದು ಉಪಾಯಗಳಿಂದ: ಟರ್ಬೊವಿನ ಒತ್ತಡ ಏರಿದಂತೆ ಪೆಟ್ರೋಲಿನ ಒತ್ತಡವನ್ನೂ ಹಲವು ಪಟ್ಟು ಏರಿಸಿ ಅದೇ ಇಂಜೆಕ್ಟರಿನಿಂದ ಹೆಚ್ಚು ಇಂಧನವನ್ನು ಬಲವಂತವಾಗಿ ಹೊರಡಿಸುವ ಒಂದು ಕವಾಟ, ಕಿಡಿಯನ್ನು ತಡಮಾಡಲು ಇನ್ನೊಂದು ಪೆಟ್ಟಿಗೆ. ಅಲ್ಪ ಒತ್ತಡಕ್ಕೆ ಇದು ಸಾಕಾಗುತ್ತಿತ್ತು. ಅದಕ್ಕಿಂತ ಮೇಲೆ ಹೋಗಬಯಸಿದವರು ಒಂದರ ಮೇಲೊಂದು ಉಪಾಯವನ್ನು ಹೇರುತ್ತ, ಕೊನೆಗೆ ಯಾವುದು ಯಾವುದನ್ನು ತಿದ್ದುತ್ತಿದೆಯೆಂಬುದೇ ತಿಳಿಯದ ಸ್ಥಿತಿಗೆ ಬರುತ್ತಿದ್ದರು.

ಇಂಥವರಿಗೆ ಸ್ವತಂತ್ರ ಗಣಕವು ವರವಾಗಿ ಪರಿಣಮಿಸಿತು. ಅದರಲ್ಲಿಯೂ 2001ರ ಸುಮಾರಿಗೆ ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬ ಇಬ್ಬರು ರೂಪಿಸಿದ ಮೆಗಾಸ್ಕ್ವರ್ಟ್ ಎಂಬ ಗಣಕವು, ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬಹುದಾದಂಥದು. ಅದರ ಮೂಲಕ, ಅದುವರೆಗೆ ಪಂದ್ಯದ ಶ್ರೀಮಂತ ತಂಡಗಳಿಗೆ ಮಾತ್ರ ದಕ್ಕುತ್ತಿದ್ದ ವಿದ್ಯೆಯು ಸಾಮಾನ್ಯ ಗೃಹಸ್ಥನ ಕೈಗೂ ಬಂದಿತು. ರೆಕ್ಕೆಬಾಗಿಲನ್ನು ಕಿತ್ತುಹಾಕಿ, ಒಳದಾರಿಯ ಒತ್ತಡ ಮತ್ತು ಗಾಳಿಯ ಉಷ್ಣತೆಗಳಿಂದ ಗಾಳಿಯ ರಾಶಿಯನ್ನು ಗಣಿಸಿ, ದೊಡ್ಡ ಇಂಜೆಕ್ಟರುಗಳನ್ನು ಅವುಗಳ ನಿಜವಾದ ಅಳತೆಯಿಂದಲೇ ಆಳಿದಾಗ, ಆ ಹಳೆಯ ಎಂಜಿನ್ನು ಟರ್ಬೊವನ್ನು ಸಮಾಧಾನದಿಂದ ಹೊತ್ತುಕೊಂಡಿತು. ಇಲ್ಲಿ ಕಳೆದುಕೊಂಡುದು ಅಲ್ಪ, ಗಳಿಸಿದುದು ಬಹಳ. ಆ ಕಾರಿನಲ್ಲಿ ಆಕ್ಸಿಲರೇಟರಿಗೆ ತಂತಿಯೇ ಕಟ್ಟಿತ್ತು. ಗಣಕದೊಡನೆ ಮಾತನಾಡಬೇಕಾದ ಸ್ವಯಂಚಾಲಿತ ಗೇರುಪೆಟ್ಟಿಗೆಯಾಗಲಿ, ಸ್ಥಿರತೆಯನ್ನು ಕಾಯುವ ವ್ಯವಸ್ಥೆಯಾಗಲಿ ಅದರ ಸಾಮಾನ್ಯ ಮಾದರಿಯಲ್ಲಿ ಇರಲಿಲ್ಲ. ಗಣಕವನ್ನು ಕಿತ್ತರೆ ಕಾರಿನ ಉಳಿದ ಅಂಗಗಳು ಅನಾಥವಾಗುತ್ತಿರಲಿಲ್ಲ.

ಇನ್ನು ಆ ಮೂರನೆಯ ಮಾರ್ಗ. ಪಿಗ್ಗಿಬ್ಯಾಕ್ ಎಂಬ ಹೆಸರಿನಿಂದ ಮಾರಾಟವಾಗುವ ಪೆಟ್ಟಿಗೆಗಳಲ್ಲಿ ಬಹುಪಾಲಿನ ಕೆಲಸವೆಂದರೆ, ಸೆನ್ಸರಿಗೂ ಕಂಪನಿಯ ಗಣಕಕ್ಕೂ ನಡುವೆ ಕುಳಿತು, ಸೆನ್ಸರು ಹೇಳಿದುದನ್ನು ಬದಲಿಸಿ ಗಣಕಕ್ಕೆ ತಲುಪಿಸುವುದು. ಇದರ ಅಪಾಯವನ್ನು ಒಂದು ದೃಷ್ಟಾಂತದಿಂದ ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಅನೇಕ ಎಂಜಿನ್ನುಗಳು ಹಾಳಾಗುವುದು ಇಲ್ಲಿಯೇ. ಮೊದಲಿನದಕ್ಕಿಂತ ಒಂದೂವರೆ ಪಟ್ಟು ದೊಡ್ಡದಾದ ಇಂಜೆಕ್ಟರುಗಳನ್ನು ಹಾಕಿಸಿದಿರೆಂದುಕೊಳ್ಳಿ. ಗಣಕಕ್ಕೆ ಈ ಸಂಗತಿ ತಿಳಿಯದು. ಅದು ಹಳೆಯ ಲೆಕ್ಕದಂತೆಯೇ ತೆರೆದರೆ ಇಂಧನ ಒಂದೂವರೆ ಪಟ್ಟಾಗುತ್ತದೆ. ಆದುದರಿಂದ ನಡುವಣ ಪೆಟ್ಟಿಗೆಯು, ಬರುತ್ತಿರುವ ಗಾಳಿ ನಿಜಕ್ಕಿಂತ ಮೂರರಲ್ಲೊಂದು ಪಾಲು ಕಡಿಮೆಯೆಂದು ಗಣಕಕ್ಕೆ ಹೇಳುತ್ತದೆ, ಇಂಧನದ ಅಳತೆ ಸರಿಹೋಗುತ್ತದೆ, ಕಾರು ಚೆನ್ನಾಗಿ ಓಡುತ್ತದೆ, ಮಾಲಿಕನು ಸಂತುಷ್ಟನಾಗುತ್ತಾನೆ. ಆದರೆ ಅದೇ ಗಾಳಿಯ ಅಳತೆಯನ್ನು ನೆಚ್ಚಿಕೊಂಡು ಗಣಕವು ಕಿಡಿಯ ಕ್ಷಣವನ್ನೂ ನಿರ್ಣಯಿಸುತ್ತದಲ್ಲವೇ? ಎಂಜಿನ್ನು ಹಗುರವಾದ ಭಾರವನ್ನು ಮಾತ್ರ ಹೊತ್ತಿದೆಯೆಂದು ನಂಬಿದ ಗಣಕವು, ಹಗುರ ಭಾರಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತವಾಗಿ ಹಾರಿಸುತ್ತದೆ. ವಾಸ್ತವದಲ್ಲಿ ಎಂಜಿನ್ನು ಟರ್ಬೊವಿನ ಪೂರ್ಣ ಒತ್ತಡದಲ್ಲಿರುತ್ತದೆ. ಇಂಧನದ ವಿಷಯದಲ್ಲಿ ಹೇಳಿದ ಸುಳ್ಳಿಗೆ ಪಿಸ್ಟನ್ನು ಬೆಲೆ ತೆರುತ್ತದೆ.

ಅದೂ ಅಲ್ಲದೆ, ಕಂಪನಿಯ ಗಣಕವು ಕಲಿಯುವ ಗಣಕ. ಲ್ಯಾಂಬ್ಡಾ ಸೆನ್ಸರಿನ ವರದಿಯನ್ನು ದಿನದಿನವೂ ಪರಿಶೀಲಿಸುತ್ತ, ಇಂಧನ ಹೆಚ್ಚಿದರೆ ಇಳಿಸುತ್ತ, ಕಡಿಮೆಯಾದರೆ ಏರಿಸುತ್ತ, ಆ ತಿದ್ದುಪಡಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಹೊರಗಿನವನು ಸೇರಿಸಿದ ಸುಳ್ಳನ್ನೂ ಒಂದು ದೋಷವೆಂದೇ ಭಾವಿಸಿ ಮೆಲ್ಲಮೆಲ್ಲನೆ ತೊಡೆದುಹಾಕುತ್ತದೆ. ಟ್ಯೂನಿಂಗ್ ಆದ ದಿನ ಇದ್ದ ಪಿಕಪ್ ತಿಂಗಳೊಪ್ಪತ್ತಿನಲ್ಲಿ ಮಾಯವಾಯಿತೆಂದು ಗ್ಯಾರೇಜಿಗೆ ಮರಳುವವರು ಅನೇಕರು. ತಿದ್ದುಪಡಿಯ ಮಿತಿ, ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತೈದರ ಆಸುಪಾಸಿನಲ್ಲಿರುವುದು, ದಾಟಿತೆಂದರೆ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಆಗ ಆ ದೀಪವನ್ನು ಆರಿಸುವುದಕ್ಕೆ ಮತ್ತೊಂದು ಸುಳ್ಳು.

ಇಂದಿನ ಕಾರುಗಳ ಪ್ರಶ್ನೆ ಬೇರೆ ಬಗೆಯದು. 1986ರಲ್ಲಿ ಬಾಷ್ ಸಂಸ್ಥೆಯು ಪ್ರಕಟಿಸಿದ ಕ್ಯಾನ್ ಎಂಬ ಸಂವಹನ ವ್ಯವಸ್ಥೆಯ ಎರಡು ತಂತಿಗಳ ಮೇಲೆ ಎಂಜಿನ್ನು, ಗೇರುಪೆಟ್ಟಿಗೆ, ಬ್ರೇಕು, ಸ್ಟಿಯರಿಂಗು, ಕಳ್ಳತನವನ್ನು ತಡೆಯುವ ಬೀಗ ಇವೆಲ್ಲವೂ ಸತತವಾಗಿ ಮಾತನಾಡಿಕೊಳ್ಳುತ್ತಿರುತ್ತವೆ. 1990ರ ದಶಕದ ಕೊನೆಯಿಂದೀಚೆಗೆ ಬಂದ ಗಣಕಗಳಲ್ಲಿ ಬಹುಮಟ್ಟಿಗೆ ಎಲ್ಲ ಲೆಕ್ಕವೂ ತಿರುಚುಬಲದ, ಅಂದರೆ ಟಾರ್ಕಿನ, ಭಾಷೆಯಲ್ಲಿಯೇ ನಡೆಯುತ್ತದೆ: ಪೆಡಲನ್ನು ಒತ್ತಿದ ಚಾಲಕನು ಕೇಳುತ್ತಿರುವುದು ಇಷ್ಟು ಬಲ, ಚಕ್ರ ಜಾರುತ್ತಿರುವುದರಿಂದ ಬ್ರೇಕಿನ ಗಣಕ ಒಪ್ಪುವುದು ಇಷ್ಟು, ಗೇರು ಬದಲಿಸುವ ಈ ಕ್ಷಣದಲ್ಲಿ ಗೇರುಪೆಟ್ಟಿಗೆ ತಾಳುವುದು ಇಷ್ಟು ಎಂದು ಎಲ್ಲರ ಕೋರಿಕೆಗಳನ್ನೂ ತೂಗಿನೋಡಿ, ಅನಂತರವೇ ಥ್ರಾಟಲನ್ನೂ ಕಿಡಿಯನ್ನೂ ಟರ್ಬೊವನ್ನೂ ಅದು ನಿಯಮಿಸುತ್ತದೆ. ಇದರ ಜೊತೆಗೆ, ತಾನು ಲೆಕ್ಕ ಹಾಕಿದ ಬಲಕ್ಕೂ ಚಾಲಕನು ಕೇಳಿದ ಬಲಕ್ಕೂ ಅಂತರ ಮಿತಿಮೀರಿದರೆ ಎಂಜಿನ್ನನ್ನು ತಗ್ಗಿಸುವ ಪ್ರತ್ಯೇಕ ಕಾವಲೂ ಉಂಟು. ಪೆಡಲಿಗೂ ಥ್ರಾಟಲಿಗೂ ನಡುವೆ ತಂತಿಯೇ ಇಲ್ಲದ ಕಾರಿನಲ್ಲಿ ಜೀವರಕ್ಷಣೆಯ ಭಾರ ಈ ಕಾವಲಿನ ಮೇಲಿದೆ. ಒಳ್ಳೆಯ ಸ್ವತಂತ್ರ ಗಣಕಗಳಲ್ಲಿಯೂ ಇಂಥ ಏರ್ಪಾಡು ಇಲ್ಲದಿಲ್ಲ. ಆದರೆ ಅದರ ಮಿತಿಗಳನ್ನು ನಿಗದಿಮಾಡುವ ಹೊಣೆ ಕಾರ್ಖಾನೆಯ ನೂರಾರು ಎಂಜಿನಿಯರುಗಳಿಂದ ಒಬ್ಬ ಟ್ಯೂನರನ ಹೆಗಲಿಗೆ ದಾಟುತ್ತದೆಂಬುದನ್ನು ಮರೆಯಲಾಗದು.

ನಮ್ಮ ದೇಶದ ಉತ್ಸಾಹಿಗಳು ಬಹಳವಾಗಿ ಮೆಚ್ಚಿದ, 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ ಕಾರನ್ನೇ ತೆಗೆದುಕೊಳ್ಳೋಣ. ಅದರ 1.2 ಲೀಟರಿನ ಟರ್ಬೊ ಎಂಜಿನ್ನು ಕಾರ್ಖಾನೆಯಿಂದ ಬಂದಂತೆ 105 ಅಶ್ವಶಕ್ತಿಯನ್ನೂ 175 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ. ಅದಕ್ಕೆ ಜೋಡಿಸಿದ ಏಳು ಗೇರುಗಳ, ಎರಡು ಒಣ ಕ್ಲಚ್ಚುಗಳ ಡಿಎಸ್‌ಜಿ ಪೆಟ್ಟಿಗೆಗೆ ತಯಾರಕರು ಹೇಳಿರುವ ಮಿತಿ 250 ನ್ಯೂಟನ್ ಮೀಟರ್. ಕ್ಲಚ್ಚನ್ನು ಎಷ್ಟು ಬಲವಾಗಿ ಹಿಡಿಯಬೇಕೆಂದು ಗೇರುಪೆಟ್ಟಿಗೆಯ ಗಣಕವು ತೀರ್ಮಾನಿಸುವುದು ಎಂಜಿನ್ನಿನ ಗಣಕ ಹೇಳುವ ಟಾರ್ಕಿನ ಅಂಕಿಯನ್ನು ನಂಬಿ. ಇಂಥ ಕಾರಿಗೆ ಸ್ವತಂತ್ರ ಗಣಕವನ್ನು ಹಾಕಹೊರಟರೆ ಗೇರುಪೆಟ್ಟಿಗೆಯೊಡನೆ ಮಾತನಾಡುವ ಭಾಷೆಯನ್ನೆಲ್ಲ ಹೊಸದಾಗಿ ಕಟ್ಟಬೇಕಾಗುತ್ತದೆ. ಇಲ್ಲಿ ಯುಕ್ತವಾದುದು ಒಂದೇ: ಕಂಪನಿಯ ಗಣಕದೊಳಗಿನ ಅಂಕಿಗಳನ್ನೇ, ಗೇರುಪೆಟ್ಟಿಗೆಯ ಮಿತಿಯನ್ನು ಗೌರವಿಸಿ, ಟಾರ್ಕಿನ ಲೆಕ್ಕವು ಸತ್ಯವಾಗಿಯೇ ಉಳಿಯುವಂತೆ ತಿದ್ದುವ ರೀಮ್ಯಾಪ್.

ರೀಮ್ಯಾಪ್ ಎಂದೊಡನೆ ಎಲ್ಲವೂ ಕ್ಷೇಮವೆಂದು ತಿಳಿಯಬಾರದು. ಯಾವುದೋ ದೇಶದ ಯಾವುದೋ ಕಾರಿಗೆಂದು ಬರೆದ ಫೈಲನ್ನು ತಂದು, ಓಟದ ದಾಖಲೆಯಾದ ಲಾಗ್ ಒಂದನ್ನೂ ನೋಡದೆ ಅರ್ಧ ಗಂಟೆಯಲ್ಲಿ ತುಂಬಿ ಕಳುಹಿಸುವವರಿದ್ದಾರೆ. ಇನ್ನೊಬ್ಬರ ಮೈಯಳತೆಗೆ ಹೊಲಿದ ಅಂಗಿಯನ್ನು ಗಿರಾಕಿಗೆ ತೊಡಿಸುವ ದರ್ಜಿಯಂತೆ ಅವರದು ವ್ಯಾಪಾರ. ಯೂರೋಪಿನ 98 ಆಕ್ಟೇನ್ ಪೆಟ್ರೋಲನ್ನು ನಂಬಿ ಬರೆದ ಕಿಡಿಯ ಅಂಕಿಗಳು, ನಮ್ಮ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ, ಅದಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ಸಲ್ಲುವುದು ಹೇಗೆ? ನಾಕ್ ಸೆನ್ಸರಿನ ಎಚ್ಚರಿಕೆಯನ್ನು ಮಂದಗೊಳಿಸಿ ಬಲವನ್ನು ತೋರಿಸುವುದು, ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನು ಕಿತ್ತು ಅದರ ಹಿಂದಿನ ಸೆನ್ಸರನ್ನು ತಂತ್ರಾಂಶದಲ್ಲಿಯೇ ಅಡಗಿಸುವುದು, ಸೈಲೆನ್ಸರಿನಿಂದ ಪಟಾಕಿಯ ಸದ್ದು ಬರಲೆಂದು ಕಿಡಿಯನ್ನು ತಡಮಾಡಿ ಇಂಧನವನ್ನು ಹೊಗೆಕೊಳವೆಯಲ್ಲಿ ಉರಿಸುವುದು — ಇವೆಲ್ಲವೂ ಕಂಪನಿಯ ಗಣಕವನ್ನು ಉಳಿಸಿಕೊಂಡೇ ಮಾಡುವ ಅಪಚಾರಗಳು. ಕೊನೆಯದರಿಂದ ಟರ್ಬೊವಿಗೂ ಕನ್ವರ್ಟರಿಗೂ ಆಗುವ ಹಾನಿ ಕಾರಿನವನದು. ಮಲಗಿದ ಮಗುವೊಂದು ಬೆಚ್ಚಿಬೀಳುವ ಹಾನಿ ಬೀದಿಯವರದು.

ಸ್ವತಂತ್ರ ಗಣಕವನ್ನು ರಸ್ತೆಯ ಕಾರಿಗೆ ಹಾಕಿಸುವವರು ಗಮನಿಸಲೇಬೇಕಾದ ಎರಡು ಸ್ಥಳೀಯ ಸಂಗತಿಗಳಿವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾಯುಭಾರವು ಕಡಲತೀರದ್ದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಥ್ರಾಟಲಿನ ಕೋನವನ್ನೂ ವೇಗವನ್ನೂ ಮಾತ್ರ ನೋಡಿ ಇಂಧನ ಕೊಡುವಂತೆ ಬೆಂಗಳೂರಿನ ಡೈನೊ ಮೇಲೆ ಟ್ಯೂನ್ ಮಾಡಿ, ವಾಯುಭಾರದ ತಿದ್ದುಪಡಿಯನ್ನು ತುಂಬದೆ ಬಿಟ್ಟ ಕಾರು, ಶಿರಾಡಿ ಘಾಟಿಯನ್ನು ಇಳಿದು ಮಂಗಳೂರನ್ನು ಸೇರುವ ಹೊತ್ತಿಗೆ ಸಾಂದ್ರವಾದ ಗಾಳಿಯನ್ನು ಸೇವಿಸುತ್ತ, ಅದಕ್ಕೆ ತಕ್ಕ ಇಂಧನವಿಲ್ಲದೆ ಬಿಸಿಯಾಗಿ ದಹಿಸುತ್ತದೆ. ಎರಡನೆಯದು ಎಥನಾಲ್. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಪ್ರಧಾನಿಯವರು ಚಾಲನೆ ಕೊಟ್ಟುದು ಬೆಂಗಳೂರಿನಲ್ಲಿಯೇ. ಈಗ ಅದು ದೇಶದ ಬಹುತೇಕ ಬಂಕುಗಳಲ್ಲಿದೆ. ಒಂದು ತೂಕ ಶುದ್ಧ ಪೆಟ್ರೋಲು ಪೂರ್ಣವಾಗಿ ದಹಿಸಲು 14.7 ತೂಕ ಗಾಳಿ ಬೇಕಾದರೆ, ಎಥನಾಲಿಗೆ ಸಾಕಾಗುವುದು 9. ಈ ಮಿಶ್ರಣಕ್ಕೆ ಸುಮಾರು 13.5. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನವನ್ನು ಚಿಮ್ಮಿಸಬೇಕು. ಲ್ಯಾಂಬ್ಡಾ ಸೆನ್ಸರಿನ ಮಾತನ್ನು ಕೇಳಿ ಕಲಿಯುವ ಕಂಪನಿಯ ಗಣಕವು ಈ ಅಂತರವನ್ನು ಬಹುಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಹಳೆಯ ಪೆಟ್ರೋಲಿನ ಮೇಲೆ ಅಂಕಿಗಳನ್ನು ತುಂಬಿ, ಕಲಿಕೆಯನ್ನು ಮುಚ್ಚಿಟ್ಟ ಹೊರಗಿನ ಗಣಕವು ಸರಿಪಡಿಸಿಕೊಳ್ಳಲಾರದು.

ಕಂಪನಿಯ ಗಣಕವೆಂದರೆ ಸತ್ಯಸಂಧವಾದುದೆಂದು ಇಷ್ಟರಿಂದ ನಾನು ವಾದಿಸುತ್ತಿರುವೆನೆಂದು ಯಾರೂ ತಿಳಿಯಬಾರದು. 2015ರ ಸೆಪ್ಟೆಂಬರಿನಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಡೀಸೆಲ್ ಪ್ರಕರಣದಲ್ಲಿ, ಪರೀಕ್ಷೆ ನಡೆಯುತ್ತಿದೆಯೆಂಬುದನ್ನು ಗುರುತಿಸಿ ಆಗ ಮಾತ್ರ ಶುದ್ಧವಾದ ಹೊಗೆಯನ್ನು ಬಿಡುತ್ತಿದ್ದುದು ಕಾರ್ಖಾನೆಯವರೇ ಬರೆದ ತಂತ್ರಾಂಶ. ಲೋಕದ ತುಂಬ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ವಂಚನೆ ಕುಳಿತಿದ್ದಿತು. ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆಯೆಂಬುದನ್ನು ನೋಡುವ ಅಧಿಕಾರ ಕಾರಿನ ಒಡೆಯನಿಗೆ ಇರಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಅದೇ ವರ್ಷ ಅಮೆರಿಕದ ಕಾಪಿರೈಟ್ ನಿಯಮಗಳಲ್ಲಿ, ತನ್ನ ವಾಹನದ ತಂತ್ರಾಂಶವನ್ನು ಪರೀಕ್ಷಿಸಿ, ದುರಸ್ತಿಮಾಡಿ, ಕಾನೂನಿಗೆ ವಿರೋಧವಾಗದಂತೆ ಮಾರ್ಪಡಿಸಿಕೊಳ್ಳಲು ಒಡೆಯನಿಗೆ ವಿನಾಯಿತಿ ದೊರೆಯಿತು, ಅದು ನ್ಯಾಯವಾದುದೇ. ಬಾಗಿಲು ತೆರೆದಿರಬೇಕೆಂಬುದೂ, ತೆರೆದ ಬಾಗಿಲಿನೊಳಗೆ ಹೋದವನು ಹೊಣೆಯರಿತು ನಡೆಯಬೇಕೆಂಬುದೂ ನನಗೆ ಒಂದಕ್ಕೊಂದು ವಿರೋಧವಾಗಿ ಕಾಣುವುದಿಲ್ಲ.

ಪಂದ್ಯದ ಕಾರಿನ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡುವವನಿಗೆ ಎ.ಸಿ. ಬೇಡ, ಮೈಲೇಜು ಬೇಡ, ತಣ್ಣನೆಯ ಮುಂಜಾವಿನ ಸೌಜನ್ಯವೂ ಬೇಡ. ಬೇಕಾದುದು ಪ್ರತಿಯೊಂದು ಅಂಕಿಯ ಮೇಲೆ ಪೂರ್ಣ ಸ್ವಾಮ್ಯ, ಓಟದ ಪ್ರತಿ ಕ್ಷಣದ ದಾಖಲೆ, ಎಣ್ಣೆಯ ಒತ್ತಡ ಇಳಿದೊಡನೆ ಎಂಜಿನ್ನನ್ನು ನಿಲ್ಲಿಸುವ ಏರ್ಪಾಡು. ಪಂದ್ಯದ ನಿಯಮಗಳು ಅನುಮತಿಸುವಲ್ಲಿ ಸ್ವತಂತ್ರ ಗಣಕವೇ ಅವನಿಗೆ ತಕ್ಕುದು. ಗಣಕ, ಸುಂಕ, ಹೊಸ ವೈರಿಂಗು, ಡೈನೊವಿನ ಬಾಡಿಗೆ ಇವೆಲ್ಲ ಸೇರಿ ಲಕ್ಷ ರೂಪಾಯಿಯನ್ನು ಮೀರುವುದು ಸಾಮಾನ್ಯ; ವೈರಿಂಗಿನಲ್ಲಿ ಉಳಿತಾಯಮಾಡಿದವರು ಗಣಕಕ್ಕೆ ಕೊಟ್ಟ ಹಣವನ್ನೂ ಕಳೆದುಕೊಳ್ಳುತ್ತಾರೆ.

ಕಾನೂನಿನ ಸ್ಥಿತಿ ಮಾತ್ರ ಅಸಮಾಧಾನಕರವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿಪತ್ರದ ವಿವರಗಳು ತಯಾರಕರು ಮೂಲತಃ ಹೇಳಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ. ಆರ್.ಸಿ.ಯಲ್ಲಿ ಎಂಜಿನ್ನಿನ ಗಣಕಕ್ಕೆಂದು ಒಂದು ಸಾಲೂ ಇಲ್ಲ. ನಿಂತಲ್ಲಿಯೇ ಎಂಜಿನ್ ಓಡಿಸಿ ಮಾಡುವ ಪಿಯುಸಿ ಪರೀಕ್ಷೆಗೆ ಪೂರ್ಣ ಭಾರದ ಹೊಗೆ ಕಾಣಿಸದು. ಹೀಗಾಗಿ ಪ್ರಾಮಾಣಿಕನಾದ ಟ್ಯೂನರನಿಗೂ ಕನ್ವರ್ಟರನ್ನು ಕಿತ್ತು ಮಾರುವವನಿಗೂ ಕಾನೂನಿನ ಕಣ್ಣಿನಲ್ಲಿ ಭೇದವೇ ಇಲ್ಲದಂತಾಗಿದೆ. ಕ್ಯಾಲಿಫೋರ್ನಿಯದಲ್ಲಿ ವಾಯುಸಂಪನ್ಮೂಲ ಮಂಡಳಿಯು ಹೊರಗಿನ ಬಿಡಿಭಾಗಗಳನ್ನು ಪರೀಕ್ಷಿಸಿ, ಹೊಗೆಯನ್ನು ಹೆಚ್ಚಿಸದೆಂದು ಸಿದ್ಧವಾದುವುಗಳಿಗೆ ಆದೇಶಸಂಖ್ಯೆಯೊಂದನ್ನು ಕೊಡುತ್ತದೆ. ಆ ಸಂಖ್ಯೆಯಿರುವ ಭಾಗವನ್ನು ರಸ್ತೆಯ ಕಾರಿಗೆ ನಿರ್ಭಯವಾಗಿ ಹಾಕಬಹುದು. ನಮ್ಮಲ್ಲಿಯೂ ಸಿ.ಎನ್.ಜಿ. ಕಿಟ್ಟುಗಳಿಗೆ ಪುಣೆಯ ಎ.ಆರ್.ಎ.ಐ. ಮೊದಲಾದ ಸಂಸ್ಥೆಗಳ ಪರೀಕ್ಷೆ ಮತ್ತು ಅನುಮೋದನೆಯ ಕ್ರಮ ಬಹುಕಾಲದಿಂದ ನಡೆದುಬಂದಿದೆ. ಅದೇ ಕ್ರಮವನ್ನು ರೀಮ್ಯಾಪಿಗೂ ಸ್ವತಂತ್ರ ಗಣಕಕ್ಕೂ ವಿಸ್ತರಿಸಲು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಮುಂದಾಗಬೇಕು.

ಅದು ಆಗುವವರೆಗೆ, ಕಾರನ್ನು ಟ್ಯೂನರನ ವಶಕ್ಕೆ ಒಪ್ಪಿಸುವ ಮುನ್ನ ಓದುಗರು ಅವನಿಂದ ಮೂರು ವಸ್ತುಗಳನ್ನು ಕೇಳಿ ಪಡೆಯಲಿ: ಗಣಕದಲ್ಲಿ ಮೊದಲಿದ್ದ ಮೂಲ ಫೈಲಿನ ಪ್ರತಿ, ಅವನು ಬದಲಿಸಿದ ಕೋಷ್ಟಕಗಳ ಲಿಖಿತ ವಿವರ, ಮತ್ತು ಕೆಲಸ ಮುಗಿದ ಮೇಲೆ ತಾವು ಎಂದಿನಂತೆ ಹಾಕಿಸುವ ಬಂಕಿನ ಪೆಟ್ರೋಲಿನಲ್ಲಿ ಓಡಿಸಿ ತೆಗೆದ ಲಾಗ್. ಇವನ್ನು ಕೊಡಲೊಪ್ಪದವನಿಗೆ ಕಾರಿನ ಕೀಲಿಯನ್ನು ಕೊಡಬೇಡಿ.